ಆರು ಕಣ್ಣಿನ ಜೇಡ

ಕ್ಲಿಫ್‌ಥಾರ್ನ್ ಕ್ಷಯರೋಗ ಆಸ್ಪತ್ರೆ
ನಾರ್ಫಕ್ ಕರಾವಳಿ
4 ಮಾರ್ಚ್ 1951

ಪ್ರೀತಿಯ ಅಪ್ಪ,

ಈ ಪತ್ರ ಬರೆಯಲು ನನಗೆ ಅನುಮತಿಯಿಲ್ಲ. ಮೊದಲ ಆರು ವಾರ ಮಲಗಿಯೇ ಇರಬೇಕಂತೆ. ಓದಬಾರದು, ಬರೆಯಬಾರದು, ಕೈಯನ್ನು ತಲೆಗಿಂತ ಮೇಲೆ ಎತ್ತಬಾರದು, ಜೋರಾಗಿ ನಗಬಾರದು. ಕೂದಲನ್ನೂ ನರ್ಸೇ ಬಾಚುತ್ತಾಳೆ. ಪೆನ್ಸಿಲ್ ಕೊಟ್ಟವಳು ಪಕ್ಕದ ಮಂಚದ ಪ್ಯಾನ್ಸಿ ಹೋವ್ಸ್. ಯಾರ್ಮತ್ ಬಂದರಿನಲ್ಲಿ ಹೆರಿಂಗ್ ಮೀನು ಸೀಳುತ್ತಿದ್ದವಳು, ಇಪ್ಪತ್ತೆರಡು ವರ್ಷ, ಬಾಯಿಗೆ ಬೀಗವಿಲ್ಲ. "ಹದಿನಾರು ವರ್ಷಕ್ಕೇ ಹೆಣದ ಥರ ಬಿದ್ಕೊಂಡಿರು ಅಂದ್ರೆ ಯಾರ ಕೈಲಾಗತ್ತೆ? ತಗೋ, ಬರಿ. ಮೇಟ್ರನ್ ಬಂದ್ರೆ ಕೆಮ್ತೀನಿ," ಅಂದಳು.

ಹಗಲೆಲ್ಲ ನಮ್ಮ ಮಂಚಗಳನ್ನು ತೆರೆದ ಜಗಲಿಗೆ ತಳ್ಳುತ್ತಾರೆ. ನಿನ್ನೆ ಹೊದಿಕೆಯ ಮೇಲೆ ಹಿಮ ಬಿದ್ದಿತ್ತು. ನನ್ನ ತಲೆಯ ಮೇಲಿನ ಕಿಟಕಿಯ ಮೂಲೆಯಲ್ಲಿ ಒಂದು ಜೇಡ ಬಲೆ ಕಟ್ಟಿದೆ. ಗಾಡಿಯ ಚಕ್ರದಂಥ ಬಲೆ, ಆದರೆ ಒಂದು ಕಡೆ ಕೇಕಿನ ತುಂಡು ಕತ್ತರಿಸಿ ತೆಗೆದ ಹಾಗೆ ಖಾಲಿ. ನರ್ಸ್ ಪೊರಕೆ ಹಿಡಿದು ಬಂದಾಗ "ಬಿಡಿ ಅದನ್ನ. ಈ ಮನೇಲಿ ಕೆಲಸ ಮಾಡೋಕೆ ಪರವಾನಗಿ ಇರೋದು ಅದೊಂದಕ್ಕೇ," ಎಂದೆ. ಹಾಗೆ ಕೂಗಿದ್ದಕ್ಕೆ ಹತ್ತು ನಿಮಿಷ ಕೆಮ್ಮಿದೆ. ನರ್ಸ್ ಹೆದರಿ ಪೊರಕೆ ಸಮೇತ ಓಡಿಹೋದಳು. ಬಲೆ ಉಳಿಯಿತು.

ಅಪ್ಪ, ಮಿಸ್ ಏಬ್ಲೆಟ್ ಟೀಚರ್ ಕೊಟ್ಟ ಜೇಡಗಳ ಪುಸ್ತಕವನ್ನು ಕಳಿಸು. ಆಮೇಲೆ ನಮ್ಮ ಹಿತ್ತಲು, ನಿನ್ನ ಸಿಗ್ನಲ್ ಕ್ಯಾಬಿನ್ನು, ದೀಪದ ಶೆಡ್ಡು, ಎಲ್ಲ ಕಡೆ ಯಾವ ಯಾವ ಜೇಡ ಇವೆ ನೋಡಿ ಬರೆ. ನಾನು ಏಳುವಂತಿಲ್ಲ. ನೋಡುವುದು ನೀನು, ಹೆಸರು ಹೇಳುವುದು ನಾನು.

ನಿನ್ನೆ ತಿಂಗಳ ಮೊದಲ ಶನಿವಾರ, ಭೇಟಿಯ ದಿನ. ಎಲ್ಲರ ಮನೆಯವರೂ ಬಂದಿದ್ದರು. ನಿನಗೆ ಪಾಳಿ ಇದ್ದಿರಬೇಕು.

ನಿನ್ನ ಮಗಳು
ಥೆಲ್ಮಾ


ಸೆಜ್‌ಬಿ ಡ್ರೋವ್ ನಿಲ್ದಾಣ
10 ಮಾರ್ಚ್ 1951

ಮಗಳೇ ಥೆಲ್ಮಾ,

ಪುಸ್ತಕ ಕಳಿಸಿದ್ದೇನೆ. ಜೊತೆಗೆ ಉಣ್ಣೆಯ ಕಾಲುಚೀಲ ಎರಡು ಜೊತೆ, ಆರು ಮೊಟ್ಟೆ. ಮೊಟ್ಟೆಗಳನ್ನು ಓಟ್ಸ್ ಹೊಟ್ಟಿನಲ್ಲಿ ಹೂತಿಟ್ಟಿದ್ದೇನೆ, ಒಡೆಯಲಿಕ್ಕಿಲ್ಲ.

ದೀಪದ ಶೆಡ್ಡಿನಲ್ಲಿ ಜೇಡ ನೋಡಿದೆ. ಕಂದು ಬಣ್ಣ. ಕಾಲು ಎಂಟು.

ಶನಿವಾರ ಪಾಳಿ ಇತ್ತು.

ನಿನ್ನ ತಂದೆ
ಎನಾಕ್ ಥರ್ಟಲ್, ಸಿಗ್ನಲ್‌ಮನ್


ಕ್ಲಿಫ್‌ಥಾರ್ನ್
18 ಮಾರ್ಚ್ 1951

ಅಪ್ಪ,

"ಕಂದು ಬಣ್ಣ, ಕಾಲು ಎಂಟು." ಪ್ಯಾನ್ಸಿಗೆ ಓದಿ ಹೇಳಿದೆ. ನಕ್ಕೂ ನಕ್ಕೂ ಅವಳ ಜ್ವರ ಅರ್ಧ ಡಿಗ್ರಿ ಏರಿ ಇಬ್ಬರೂ ಬೈಸಿಕೊಂಡೆವು.

ನಿನ್ನ ರಿಜಿಸ್ಟರಿನಲ್ಲಿ ಯಾವತ್ತಾದರೂ "ಒಂದು ರೈಲು ಬಂತು, ಗಾಲಿಗಳಿದ್ದವು" ಎಂದು ಬರೆದಿದ್ದೀಯಾ? ಯಾವ ಕಡೆಯಿಂದ ಬಂತು, ಗೂಡ್ಸೋ ಪ್ಯಾಸೆಂಜರೋ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ದಾಟಿತು, ಎಲ್ಲ ಬರೆಯುತ್ತೀಯಲ್ಲ. ಜೇಡಕ್ಕೂ ಅಷ್ಟೇ ಮರ್ಯಾದೆ ಕೊಡು. ಬಲೆ ಚಕ್ರದಂತಿದೆಯೋ, ಹಾಸಿದ ಬಟ್ಟೆಯಂತೋ, ಆಲಿಕೆಯಂತೋ? ಅದು ಬಲೆಯ ನಡುವೆ ಕೂರುತ್ತದೋ, ಪಕ್ಕದಲ್ಲಿ ಅಡಗುತ್ತದೋ? ಬೆನ್ನ ಮೇಲೆ ಏನು ಗುರುತು? ಎಲ್ಲಕ್ಕಿಂತ ಮುಖ್ಯ, ಕಣ್ಣು. ಸಾಮಾನ್ಯವಾಗಿ ಎಂಟಿರುತ್ತವೆ, ಆದರೆ ಒಂದೊಂದು ಕುಲಕ್ಕೂ ಅವು ಕೂತಿರುವ ರೀತಿ ಬೇರೆ. ಹಳೆಯ ಸಿಗ್ನಲ್ ದೀಪದ ಉಬ್ಬುಗಾಜು ಇದ್ದರೆ ಅದನ್ನೇ ಭೂತಗನ್ನಡಿ ಮಾಡಿಕೋ.

ಇನ್ನೊಂದು ಮಾತು. ಮಗಳಿಗೆ ಬರೆಯುವ ಪತ್ರಕ್ಕೆ "ಸಿಗ್ನಲ್‌ಮನ್" ಎಂದು ಸಹಿ ಹಾಕಬೇಡ. ನೀನು ಯಾರೆಂದು ನನಗೆ ಗೊತ್ತಿದೆ.

ಥೆಲ್ಮಾ


ಸೆಜ್‌ಬಿ ಡ್ರೋವ್
22 ಏಪ್ರಿಲ್ 1951

ಮಗಳೇ ಥೆಲ್ಮಾ,

ನೀನು ಹೇಳಿದ ಹಾಗೆ ನೋಡಿದೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ.

ಒಂದು: ಹಿತ್ತಲ ಇಟ್ಟಿಗೆ ಗೋಡೆಯ ತೂತಿನಲ್ಲಿ. ತೂತಿನ ಸುತ್ತ ನೀಲಿ ಛಾಯೆಯ ದಾರ, ಬಾಚಿದ ಉಣ್ಣೆಯಂತೆ ಜಡೆಜಡೆ. ಹುಲ್ಲುಕಡ್ಡಿ ತಾಗಿಸಿದರೆ ಒಳಗಿಂದ ಧಾವಿಸಿ ಬರುತ್ತದೆ, ಮೋಸ ಗೊತ್ತಾದರೆ ಹಿಂದಕ್ಕೆ ಹೋಗುತ್ತದೆ.

ಎರಡು: ಕೋಳಿಗೂಡಿನ ಹಲಗೆಯ ಸಂದಿನಲ್ಲಿ. ಉಜ್ಜಿ ಹೊಳಪು ಕೊಟ್ಟ ಚೆಸ್ಟ್‌ನಟ್ ಬೀಜದಂತೆ ದುಂಡಗೆ, ಬೆನ್ನ ಮೇಲೆ ಎರಡು ಗುಳಿ.

ಮೂರನೆಯದು ಕ್ಯಾಬಿನ್ನಿನ ಮೆಟ್ಟಿಲ ಮೇಲೆ, ಬಿಸಿಲು ಬಿದ್ದಾಗ. ಕಪ್ಪುಬಿಳಿ ಪಟ್ಟೆ, ಅಕ್ಕಿಕಾಳಿನಷ್ಟು. ಬಲೆ ಇಲ್ಲ. ಬೆಕ್ಕಿನಂತೆ ಹೊಂಚಿ ನೊಣದ ಮೇಲೆ ನೆಗೆಯಿತು. ಮುಂದೆ ಎರಡು ದೊಡ್ಡ ಕಣ್ಣು. ನಾನು ಬೆರಳು ಆಡಿಸಿದರೆ ಅದು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತದೆ. ನಿಜವಾಗಿ ನೋಡುತ್ತದೆ, ಥೆಲ್ಮಾ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು, ಆದರೆ ಆ ಹೊತ್ತಿಗೆ ಸಿಕ್ಕವನು ಪಾಳಿ ಬದಲಿಗೆ ಬಂದ ಜೇಬೆಜ್. "ಏನಯ್ಯಾ ಎನಾಕ್, ಮೆಟ್ಲ ಮೇಲೆ ಮಂಡಿ ಊರಿದ್ದೀಯ? ಪ್ರಾರ್ಥನೇನೋ, ಇಲ್ಲ ಜೇಡದ ಹತ್ರ ಟಿಕೆಟ್ ಕೇಳ್ತಿದೀಯೋ?" ಎಂದ. "ಟಿಕೆಟ್ ಇಲ್ದೆ ಓಡಾಡೋದು ನೀನೊಬ್ಬನೇ," ಎಂದೆ.

ಮೂರನ್ನೂ ಬೆಂಕಿಪೊಟ್ಟಣಗಳಲ್ಲಿ ಹಾಕಿ ಕಳಿಸುತ್ತಿದ್ದೇನೆ.

ಅಪ್ಪ


ಕ್ಲಿಫ್‌ಥಾರ್ನ್
6 ಮೇ 1951

ಅಪ್ಪ,

ಗೋಡೆಯದು ಕಸೂತಿ ಬಲೆಯ ಜೇಡ. ಕೋಳಿಗೂಡಿನದು ಗೂಡು ಶೆಡ್ಡುಗಳಲ್ಲೇ ಬಾಳುವ ಕುಲ. ಮೆಟ್ಟಿಲಿನದು ನೆಗೆಯುವ ಪಟ್ಟೆ ಜೇಡ. ನೀನು ಬರೆದದ್ದು ಎಷ್ಟು ಚೊಕ್ಕಟವಾಗಿತ್ತೆಂದರೆ ಪೊಟ್ಟಣ ತೆರೆಯುವ ಮೊದಲೇ ಮೂರರ ಹೆಸರನ್ನೂ ಹೇಳಿದೆ.

ಒಳ್ಳೆಯದೇ ಆಯಿತು. ಏಕೆಂದರೆ ಪೊಟ್ಟಣ ತೆರೆಯುವ ಭಾಗ್ಯ ಸಿಕ್ಕಿದ್ದು ಮೇಟ್ರನ್ ಕ್ರಿಸ್ಪ್‌ಗೆ. ಪಟ್ಟೆ ಜೇಡ ಅವರ ತೋಳಿಗೆ ನೆಗೆಯಿತಂತೆ. ಮೂರನ್ನೂ ಒಲೆಗೆ ಹಾಕಿದರು. ಆಮೇಲೆ ಪುಸ್ತಕವನ್ನೂ ಕಿತ್ತುಕೊಂಡರು. ದೊಡ್ಡ ಡಾಕ್ಟರು ಬಂದು ಮಂಚದ ತುದಿಯಲ್ಲಿ ನಿಂತು, "ಉದ್ವೇಗ ನಿನ್ನ ಶತ್ರು, ಮಗೂ. ನಿನ್ನಂಥ ಸ್ಥಿತೀಲಿರೋರು ಮುಂದಿನದ್ದೆಲ್ಲಾ ಯೋಚಿಸಬಾರದು," ಎಂದರು. "ಹಿಂದಿನದ್ದು ಹದಿನಾರೇ ವರ್ಷ ಇದೆ, ಡಾಕ್ಟರ್. ಬೇಗ ಮುಗಿದುಹೋಗತ್ತೆ," ಎಂದೆ. ಅವರಿಗೆ ಅದು ತಮಾಷೆ ಅನಿಸಲಿಲ್ಲ.

ಪುಸ್ತಕ ಹೋದರೆ ಹೋಗಲಿ. ಮಲಗಿದಲ್ಲೇ ಎರಡು ಸಲ ಓದಿ ಮುಗಿಸಿದ್ದೆ. ಈಗ ಅದು ನನ್ನ ತಲೆಯೊಳಗಿದೆ. ಅಲ್ಲಿಂದ ತೆಗೆಯಲು ಅವರಿಗೆ ಶಸ್ತ್ರಚಿಕಿತ್ಸೆಯೇ ಬೇಕು.

ಶಾಲೆಯಿಂದಲೂ ಕಾಗದ ಬಂತು. ಮೇಲಿನ ತರಗತಿಯಲ್ಲಿ ನನಗಿಟ್ಟಿದ್ದ ಜಾಗವನ್ನು ಬೇರೆ ಹುಡುಗಿಗೆ ಕೊಟ್ಟರಂತೆ. ನನ್ನ "ಶೀಘ್ರ ಗುಣಕ್ಕಾಗಿ" ಎಲ್ಲರೂ ಪ್ರಾರ್ಥಿಸುತ್ತಿದ್ದಾರಂತೆ. ಗುಣವಾಗುತ್ತೇನೆ ಎಂದು ನಂಬಿದ್ದರೆ ಜಾಗ ಯಾಕೆ ಕೊಡುತ್ತಿದ್ದರು?

ನಿನ್ನೆಯ ಶನಿವಾರವೂ ಹೋಯಿತು. ಪಾಳಿ ಎಂದು ಬರೆಯಬೇಡ. ಜೇಬೆಜ್ ಅಂಕಲ್ ಕೇಳಿದರೆ ಪಾಳಿ ಬದಲಿಸಿಕೊಳ್ಳುತ್ತಾರೆಂದು ನನಗೆ ಗೊತ್ತು.

ಥೆಲ್ಮಾ


ಕ್ಲಿಫ್‌ಥಾರ್ನ್
27 ಮೇ 1951

ಅಪ್ಪ,

ಇಲ್ಲಿ ನೆಲ ಒರೆಸುವ ಮಿಸೆಸ್ ಲಾಮಸ್ ಎಂಬ ಮುದುಕಿ ಇದ್ದಾಳೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಇವತ್ತು ಬಕೆಟ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ನಿನ್ ಹೆಸರು ಥರ್ಟಲ್ ಅಂತೆ? ಇಲ್ಲೊಬ್ಳು ರೋಡಾ ಥರ್ಟಲ್ ಇದ್ಳು. ಇದೇ ಜಗಲಿ, ಆ ಕೊನೇ ಮಂಚ. ನಿಂದೇ ಗದ್ದ. ನಿನ್ಗೇನಾಗ್ಬೇಕು ಅವ್ಳು?"

ಅಮ್ಮ ಈಲಿ ಪಟ್ಟಣದ ಅತ್ತೆಯ ಮನೆಯಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡಳು ಎಂದು ನೀನು ಹೇಳಿದ್ದೆ. ಹದಿಮೂರು ವರ್ಷ ಅದನ್ನೇ ಹೇಳಿದೆ.

ನನ್ನನ್ನು ಇಲ್ಲಿಗೆ ಕಳಿಸುವಾಗ ರೈಲಿನ ಕಿಟಕಿಯ ಹತ್ತಿರ ನಿಂತು "ಒಳ್ಳೇ ಜಾಗ ಅದು" ಎಂದೆಯಲ್ಲ. ಅದು ನಿನಗೆ ಹೇಗೆ ಗೊತ್ತಿತ್ತು ಎಂದು ನಾನು ಕೇಳಬೇಕಿತ್ತು.

ಥೆಲ್ಮಾ


ಸೆಜ್‌ಬಿ ಡ್ರೋವ್
17 ಜೂನ್ 1951

ಥೆಲ್ಮಾ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತೆ. ಮೂರು ಸಲ ಬರೆದು ಮೂರು ಸಲ ಹರಿದುಹಾಕಿದೆ. ಆದ್ದರಿಂದ ಬರೆಯಲು ಬರುವುದನ್ನು ಬರೆಯುತ್ತೇನೆ.

ದೀಪದ ಶೆಡ್ಡಿನಲ್ಲಿ ಒಲೆಯ ಕೊಳವೆ ಹಾದುಹೋಗುವ ಬೆಚ್ಚನೆಯ ಗೋಡೆ ಇದೆಯಲ್ಲ, ಅಲ್ಲಿ ಇಂದು ಬೆಳಿಗ್ಗೆ ಒಂದು ಜೇಡ ಕಂಡೆ. ಇದುವರೆಗಿನ ಯಾವುದರಂತೆಯೂ ಇಲ್ಲ. ಬಟಾಣಿಗಿಂತ ಚಿಕ್ಕದು. ಮಾಸಲು ಹಳದಿ, ಮೈತುಂಬ ಕಪ್ಪು ಚುಕ್ಕೆ, ಕಾಲಿಗೆ ಪಟ್ಟೆ. ತಲೆಯ ಭಾಗ ಹೊಟ್ಟೆಯಷ್ಟೇ ದೊಡ್ಡದು, ಹಿಂದಕ್ಕೆ ಗೋಪುರದಂತೆ ಉಬ್ಬಿದೆ. ಬಲೆ ಇಲ್ಲ. ನಡಿಗೆ ಬಲು ನಿಧಾನ, ಒಂದೊಂದೇ ಕಾಲನ್ನು ಯೋಚಿಸಿ ಇಡುತ್ತದೆ.

ಕಣ್ಣು ಆರು. ಎರಡೆರಡರಂತೆ ಮೂರು ಜೊತೆ. ಮೂರು ಬಾರಿ ಎಣಿಸಿದೆ.

ಅಪ್ಪ


ಕ್ಲಿಫ್‌ಥಾರ್ನ್
8 ಜುಲೈ 1951

ಅಪ್ಪ,

ನೀನು ಉತ್ತರ ಕೊಡುವವರೆಗೆ ನಿನ್ನೊಂದಿಗೆ ಮಾತು ಬಿಟ್ಟಿದ್ದೇನೆ. ಇದು ಜೇಡದ ವಿಷಯ, ಅದಕ್ಕಾಗಿ ಬರೆಯುತ್ತಿದ್ದೇನೆ.

ಅದು ಉಗುಳುವ ಜೇಡ. ಬೇರೆ ಯಾವುದೂ ಆಗಲು ಸಾಧ್ಯವಿಲ್ಲ. ಆ ಉಬ್ಬಿದ ತಲೆಯೊಳಗೆ ಅಂಟಿನ ಚೀಲ ಇದೆ. ಬೇಟೆ ಎದುರಿಗೆ ಬಂದರೆ ಮುಟ್ಟುವ ಮೊದಲೇ ಅಂಟು ಉಗುಳಿ ನೆಲಕ್ಕೆ ಹೊಲಿದುಬಿಡುತ್ತದೆ. ನಮ್ಮ ಕೌಂಟಿಯ ಜೇಡಗಳ ಪಟ್ಟಿ ಇಡುವವರು ಪಾದ್ರಿ ಗೋವೆಟ್ ಎಂದು ಪುಸ್ತಕದ ಹಿಂದೆ ಮಿಸ್ ಏಬ್ಲೆಟ್ ಬರೆದಿದ್ದರು. ವಿಳಾಸ ನೆನಪಿತ್ತು. ಅವರಿಗೆ ಬರೆದೆ. ಉತ್ತರ ಬಂದಿದೆ, ನಕಲು ಮಾಡುತ್ತೇನೆ:

"ಪ್ರಿಯ ಕುಮಾರಿ ಥರ್ಟಲ್, ನೀವು ಹೇಳುವ ಜೀವಿ ದಕ್ಷಿಣದ ಹಳೆಯ ಬೆಚ್ಚನೆಯ ಮನೆಗಳಲ್ಲಷ್ಟೇ ಕಾಣುವಂಥದ್ದು. ನಮ್ಮ ಜೌಗು ಸೀಮೆಯ ಪಟ್ಟಿಯಲ್ಲಿ ಅದಿಲ್ಲ. ರೈಲ್ವೆ ನೌಕರರಾದ ತಮ್ಮ ತಂದೆಯವರು ಕಣ್ಣುಗಳನ್ನು ಎಣಿಸುವಾಗ ತಪ್ಪಿರಬೇಕು. ಅಭ್ಯಾಸವಿಲ್ಲದವರಿಗೆ ಅದು ಸಹಜ. ಹಾಸಿಗೆ ಹಿಡಿದವರಿಗೆ ಹೂಗಳನ್ನು ಒಣಗಿಸಿ ಅಂಟಿಸುವ ಹವ್ಯಾಸ ಹೆಚ್ಚು ಹಿತಕರ."

ಹೂವಂತೆ! ಕೂಡಲೇ ಉತ್ತರ ಬರೆದೆ. "ನನ್ನ ತಂದೆ ಇಪ್ಪತ್ತಾರು ವರ್ಷದಿಂದ ರೈಲುಗಳನ್ನು ಎಣಿಸುತ್ತಿದ್ದಾರೆ. ಎಣಿಕೆ ತಪ್ಪಿದ್ದರೆ ನೀವು ಅದನ್ನು ಪತ್ರಿಕೆಯಲ್ಲಿ ಓದಿರುತ್ತಿದ್ದಿರಿ," ಎಂದೆ. ಅಂಚೆಚೀಟಿ ಪ್ಯಾನ್ಸಿ ಕೊಟ್ಟಳು. ಅವಳನ್ನು ಈಗ ಜಗಲಿಯಿಂದ ಒಳಗಿನ ಒಂಟಿ ಕೋಣೆಗೆ ಹಾಕಿದ್ದಾರೆ. ಗೋಡೆ ತಟ್ಟಿದರೆ ತಿರುಗಿ ತಟ್ಟುತ್ತಾಳೆ.

ನನಗೆ ನಿನ್ನ ಮೇಲೆ ಸಿಟ್ಟಿದೆ. ಆದರೆ ನೀನು ಆರು ಎಂದರೆ ಆರೇ.

ಥೆಲ್ಮಾ


ಸೆಜ್‌ಬಿ ಡ್ರೋವ್
15 ಜುಲೈ 1951

ಮಗಳೇ,

ಪಾದ್ರಿಯ ಕಾಗದ ಓದಿ ಎದ್ದು ಶೆಡ್ಡಿಗೆ ಹೋದೆ. ಮತ್ತೆ ಎಣಿಸಿದೆ. ಆರು. ಹೆಣ್ಣು ಅದು, ಈಗ ಮೊಟ್ಟೆಗಳ ಗಂಟನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತಿದೆ. ಮೊಟ್ಟೆ ಕಟ್ಟುವುದಕ್ಕೆ ಕೆಲವು ದಿನ ಮುಂಚೆ ಅದು ಉಗುಳಿದ್ದನ್ನೂ ನೋಡಿದ್ದೆ. ನೊಣ ಒಂದು ಅಂಗುಲ ದೂರದಲ್ಲಿತ್ತು. ಜೇಡ ನಿಂತಿತು, ಮೈ ಸ್ವಲ್ಪ ನಡುಗಿತು, ಅಷ್ಟೇ. ನೊಣದ ಎರಡೂ ಬದಿಗೆ ಹಾವಿನ ನಡೆಯಂತೆ ದಾರ ಬಿದ್ದಿತ್ತು. ನಾನು ಕಾಣದ್ದನ್ನು ಕಂಡೆ ಎಂದು ಯಾವತ್ತೂ ಬರೆದವನಲ್ಲ.

ಹಾಗೆ ಬರೆಯುವಾಗಲೇ ಕೈ ನಿಂತಿತು. ನಿನಗೆ ಸುಳ್ಳು ಹೇಳಿದವನು ನಾನೇ ತಾನೆ. ಆದ್ದರಿಂದ ಇವತ್ತು ಈ ಕಾಗದವನ್ನು ಹರಿಯುವುದಿಲ್ಲ.

1938ರ ಅಕ್ಟೋಬರ್ 19, ಬುಧವಾರ. ನಿನಗೆ ಮೂರು ವರ್ಷ. ಹಿಂದಿನ ದಿನ ನಿನ್ನಮ್ಮನಿಂದ ಒಂದು ಸಾಲಿನ ಕಾಗದ ಬಂದಿತ್ತು: "ಬಂದುಬಿಡು ಎನಾಕ್." ನಿನ್ನನ್ನು ಜೇಬೆಜ್‌ನ ಹೆಂಡತಿಯ ಹತ್ತಿರ ಬಿಟ್ಟು ಹೋದೆ. ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆ. ಆಗಿನ ಮೇಟ್ರನ್ ಬೇರೆಯವರು. "ಇವತ್ತು ಭೇಟಿ ಇಲ್ಲ. ನಿಮ್ಮನ್ನ ನೋಡಿದ್ರೆ ಅವ್ರಿಗೆ ಆಯಾಸ ಆಗತ್ತೆ. ನಾಳೆ ಡಾಕ್ಟರನ್ನ ಕೇಳ್ಕೊಂಡು ಬನ್ನಿ," ಎಂದರು. ನಾನು ಟೋಪಿ ತೆಗೆದು "ಆಗ್ಲಿ ಮೇಡಂ" ಎಂದೆ.

ಗೇಟಿನ ಹತ್ತಿರ ಒಂದು ಬೆಂಚಿತ್ತು. ಅಲ್ಲಿ ಕೂತೆ. ಜಗಲಿಯ ಮೇಲಿನ ಮಂಚಗಳ ಸಾಲು ಕಾಣುತ್ತಿತ್ತು, ಯಾವುದು ಅವಳದೆಂದು ಗೊತ್ತಾಗುತ್ತಿರಲಿಲ್ಲ. ಎದ್ದು ನಡೆದಿದ್ದರೆ ನಲವತ್ತು ಹೆಜ್ಜೆ. ಐದು ಗಂಟೆಗೆ ನರ್ಸ್ ಒಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಅವಳು ಹೋದ ಮೇಲೆ ಒಳಗೆ ಬಿಟ್ಟರು.

ಕೆಂಪು ಬಿದ್ದರೆ ನಿಲ್ಲಬೇಕು. ಹದಿನೈದನೇ ವಯಸ್ಸಿನಿಂದ ನಾನು ಕಲಿತದ್ದು ಅದೊಂದೇ. ನಿಂತೆ.

ಆಗ ಕ್ಷಯ ಎಂದರೆ ಊರಿನವರು ಮನೆಯ ಮಗುವನ್ನೂ ದೂರ ಇಡುತ್ತಿದ್ದರು. "ನ್ಯುಮೋನಿಯಾ ಅಂತ ಹೇಳಿಬಿಡು," ಎಂದಳು ನಿನ್ನ ಅತ್ತೆ. ಹೇಳಿದೆ. ಅದನ್ನು ತಿದ್ದುವ ದಿನವನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಈ ಐದು ತಿಂಗಳಲ್ಲಿ ಎರಡು ಬಾರಿ ನಿನ್ನ ಆಸ್ಪತ್ರೆಯ ಸ್ಟೇಷನ್ನಿನವರೆಗೆ ಬಂದು, ಅದೇ ಬೆಂಚು ನೆನಪಾಗಿ, ಮುಂದಿನ ರೈಲಿಗೆ ಹಿಂತಿರುಗಿದ್ದೇನೆ.

ಅಪ್ಪ


ಕ್ಲಿಫ್‌ಥಾರ್ನ್
22 ಜುಲೈ 1951

ಅಪ್ಪ,

ಬೆಂಚು ಇನ್ನೂ ಇದೆ. ನರ್ಸನ್ನು ಕೇಳಿ ತಿಳಿದುಕೊಂಡೆ. ನನ್ನ ಮಂಚದಿಂದ ಕಾಣುವುದಿಲ್ಲ.

ಮಿಸೆಸ್ ಲಾಮಸ್‌ಗೆ ಆ ದಿನ ನೆನಪಿದೆ. ಅಮ್ಮನಿಗೆ ಮಧ್ಯಾಹ್ನವೇ ಪ್ರಜ್ಞೆ ತಪ್ಪಿತ್ತಂತೆ. ಇದು ನಿನ್ನ ಸಮಾಧಾನಕ್ಕೆ ಬರೆದದ್ದಲ್ಲ. ಪ್ರಜ್ಞೆ ಇರಲಿ ಬಿಡಲಿ, ನೀನು ಹೋಗಬೇಕಿತ್ತು. ಅವರು ಬಿಡಬೇಕಿತ್ತು. ಎರಡೂ ನಿಜ.

ಪಾದ್ರಿ ಮತ್ತೆ ಬರೆದಿದ್ದಾರೆ. ಜೇಡವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಳಿಸಬೇಕಂತೆ. ಮೊಟ್ಟೆ ಹೊತ್ತವಳನ್ನು ಕೊಲ್ಲುವುದಿಲ್ಲ, ಶೆಡ್ಡು ಎಲ್ಲಿಗೂ ಓಡಿಹೋಗುವುದಿಲ್ಲ, ರೈಲುಗಳು ನಿಲ್ಲುತ್ತವೆ, ಬಂದು ನೋಡಿ ಎಂದು ಬರೆದಿದ್ದೇನೆ. ಬಂದರೆ ನೀನು ಟೋಪಿ ತೆಗೆಯಬೇಡ.

ನಿನ್ನ ಥೆಲ್ಮಾ


ಸೆಜ್‌ಬಿ ಡ್ರೋವ್
26 ಆಗಸ್ಟ್ 1951

ಮಗಳೇ,

ಪಾದ್ರಿ ಗೋವೆಟ್ ಗುರುವಾರ ಹನ್ನೊಂದು ಹತ್ತರ ಗಾಡಿಗೆ ಇಳಿದರು. ತೆಳ್ಳನೆಯ ಮನುಷ್ಯ, ಒಣಹುಲ್ಲಿನ ಟೋಪಿ, ಚರ್ಮದ ಚೀಲದ ತುಂಬ ಗಾಜಿನ ಕೊಳವೆ. "ಎಲ್ಲಪ್ಪಾ ನಿಮ್ ಅದ್ಭುತ?" ಎಂದು ನಗುತ್ತಲೇ ಶೆಡ್ಡಿನೊಳಗೆ ಹೋದರು. ನಾನು ಹೊರಗೆ ನಿಂತೆ. ಅವರ ನಗು ನಿಂತಿತು. ಹನ್ನೆರಡು ನಾಲ್ಕರ ಗೂಡ್ಸ್ ದಾಟಿಸಿ ಬಂದರೂ ಪಾದ್ರಿ ಎಣ್ಣೆಯ ನೆಲದ ಮೇಲೆ ಮಂಡಿಯೂರಿಯೇ ಇದ್ದರು.

"ಆರು," ಎಂದರು.

"ಹೌದು."

"ಮರಿಗಳೂ ಇವೆ. ಇಲ್ಲೇ ಬಾಳ್ತಿವೆ. ಯಾರೋ ಪೆಟ್ಟಿಗೇಲಿ ತಂದದ್ದಲ್ಲ."

"ಮಗಳು ಜೂನ್‌ನಲ್ಲೇ ಬರೆದಿದ್ಳಲ್ಲ ಸ್ವಾಮಿ."

ಅವರು ಪ್ಯಾಂಟಿನ ಧೂಳು ಕೊಡವಿಕೊಂಡು ಪುಸ್ತಕ ತೆಗೆದರು. ಬೇಸಿಗೆಯ ವರದಿಯಲ್ಲಿ ಹಾಕುತ್ತೇನೆ ಎನ್ನುತ್ತ "ಗೋವೆಟ್ ಕಂಡದ್ದು" ಎಂದು ಬರೆದುಕೊಳ್ಳತೊಡಗಿದರು. ಥೆಲ್ಮಾ, ನಾನು ಅವರ ಪೆನ್ಸಿಲ್ ಮೇಲೆ ಕೈ ಇಟ್ಟೆ. ಒಬ್ಬ ಪಾದ್ರಿಯ ಕೈಯ ಮೇಲೆ! "ಕಂಡೋನು ನಾನು. ಗುರುತು ಹಿಡಿದೋಳು ಅವ್ಳು, ಮಂಚದಿಂದ ಏಳದೇನೆ. ನೀವು ಇಲ್ಲ ಅಂದೋರು. ಮೂರನ್ನೂ ಬರೀರಿ, ಇಲ್ದಿದ್ರೆ ಮೊದಲೆರಡನ್ನ ಬರೀರಿ," ಎಂದೆ. ಅವರ ಮುಖ ಕೆಂಪಾಯಿತು. ಮೊದಲೆರಡನ್ನು ಬರೆದರು. ನಿನ್ನ ಹೆಸರು ಮೇಲೆ, ನನ್ನದು ಕೆಳಗೆ. ಹೋಗುವಾಗ ತಮ್ಮ ಸ್ವಂತ ಭೂತಗನ್ನಡಿಯನ್ನು ನಿನಗೆಂದು ಕೊಟ್ಟುಹೋದರು. ಕೆಟ್ಟವರಲ್ಲ.

ನಾನು ಟೋಪಿ ತೆಗೆಯಲಿಲ್ಲ.

ಅಪ್ಪ


ಕ್ಲಿಫ್‌ಥಾರ್ನ್
4 ನವೆಂಬರ್ 1951

ಅಪ್ಪ,

ನಿನಗೆ ಸಹಿಗಾಗಿ ಒಂದು ಕಾಗದ ಬರುತ್ತದೆ. ನನ್ನ ಬಲ ಶ್ವಾಸಕೋಶದ ಮೇಲಿನ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಹದಿಮೂರನೇ ತಾರೀಖು, ಮಂಗಳವಾರ. ಡಾಕ್ಟರು ಮೊದಲು ನನಗೆ ಹೇಳಲೇ ಇಲ್ಲ, ಮೇಟ್ರನ್‌ಗೆ ಹೇಳಿದರು. "ಶ್ವಾಸಕೋಶ ನಂದು. ನನಗೆ ಹೇಳಿ," ಎಂದೆ. ಕೊನೆಗೆ ಚಿತ್ರ ಬರೆದು ತೋರಿಸಿದರು. ನೂರಕ್ಕೆ ಎಷ್ಟು ಜನ ಏಳುತ್ತಾರೆ ಎಂದು ಕೇಳಿದೆ, ಅದನ್ನೂ ಹೇಳಿದರು. ನಿನಗೆ ಹೇಳುವುದಿಲ್ಲ. ಕೆಟ್ಟ ಸಂಖ್ಯೆಯೇನಲ್ಲ.

ಪ್ಯಾನ್ಸಿ ಎರಡು ವಾರದ ಹಿಂದೆ ಹೋದಳು. ಬೆಳಿಗ್ಗೆ ಗೋಡೆ ತಟ್ಟಿದೆ. ಮತ್ತೆ ತಟ್ಟಿದೆ. ಯಾರೂ ನಮಗೆ ಏನನ್ನೂ ಹೇಳುವುದಿಲ್ಲ, ಉದ್ವೇಗ ಆಗುತ್ತದಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದು ಜಗಲಿಯಿಂದ ಕಂಡಿತು. ಊಟದ ಹೊತ್ತಿಗೆ ನಾನು ಅವಳ ಹೆಸರನ್ನು ಗಟ್ಟಿಯಾಗಿ ಹೇಳಿದೆ. "ಪ್ಯಾನ್ಸಿ ಹೋವ್ಸ್ ಸತ್ತುಹೋದ್ಳು. ಯಾರ್ಮತ್‌ನವಳು. ಅವಳಷ್ಟು ಚೆನ್ನಾಗಿ ಬೈಯೋರು ಇಲ್ಲಿ ಇನ್ಯಾರೂ ಇಲ್ಲ." ಮೇಟ್ರನ್ ಬಂದು ಬಾಯಿ ಮುಚ್ಚು ಎಂದರು. ಪಕ್ಕದ ಸಾಲಿನ ಒಬ್ಬಳು ಅವಳ ಹೆಸರು ಹೇಳಿದಳು. ಆಮೇಲೆ ಇನ್ನೊಬ್ಬಳು. ಹನ್ನೊಂದು ಮಂಚಗಳಿಂದಲೂ ಹೇಳಿದರು.

ಮಂಗಳವಾರ ಭೇಟಿಯ ದಿನವಲ್ಲ. ನಿನ್ನನ್ನು ಬಾ ಎನ್ನುತ್ತಿಲ್ಲ. ತಾರೀಖು ತಿಳಿಸುತ್ತಿದ್ದೇನೆ, ಅಷ್ಟೇ.

ಥೆಲ್ಮಾ


ಸೆಜ್‌ಬಿ ಡ್ರೋವ್
14 ನವೆಂಬರ್ 1951

ಮಗಳೇ,

ನಿನಗೆ ಎಚ್ಚರವಿರಲಿಲ್ಲ. ಮಿಸೆಸ್ ಲಾಮಸ್ ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಪಾಳಿಯನ್ನು ಜೇಬೆಜ್ ತೆಗೆದುಕೊಂಡ. "ಹೋಗಯ್ಯಾ. ಇವತ್ತು ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನಿನ್ ಜೊತೆ ಮಾತಿಲ್ಲ," ಎಂದ. ಸಮವಸ್ತ್ರದಲ್ಲೇ ಹೊರಟೆ. ಗೇಟಿನ ಹತ್ತಿರ ಕಾಲು ನಿಂತಿದ್ದು ನಿಜ. ಬೆಂಚಿನ ಕಡೆ ನೋಡಲಿಲ್ಲ.

ಬಾಗಿಲಲ್ಲಿ ಮೇಟ್ರನ್ ಕ್ರಿಸ್ಪ್. "ಭೇಟಿ ಶನಿವಾರ," ಎಂದರು.

"ಗೊತ್ತು ಮೇಡಂ."

"ಮತ್ತೆ?"

"ನನ್ ಹೆಂಡ್ತಿ ಇಲ್ಲೇ ಹೋದ್ಳು. ಆವತ್ತೂ ಶನಿವಾರ ಅಲ್ಲ. ನೀವು ಈಗ ಹೇಳಿದ ಮಾತನ್ನೇ ಆವತ್ತೂ ಕೇಳ್ಕೊಂಡು ಹೊರಗೆ ಕೂತೆ. ಇವತ್ತು ಒಳಗೆ ಕೂರ್ತೀನಿ."

"ನಿಯಮ ಅಂತ ಒಂದಿದೆ, ಮಿಸ್ಟರ್ ಥರ್ಟಲ್. ಕಾವಲಿನವರನ್ನ ಕರೀಬೇಕಾಗತ್ತೆ."

"ಕರೀರಿ. ನನ್ನನ್ನ ಎತ್ತಿ ಹೊರಗೆ ಹಾಕೋಕೆ ನಾಲ್ಕು ಜನ ಬೇಕು. ನಾನು ಕಾಯ್ತೀನಿ."

ಅಷ್ಟು ಹೇಳಿ ಅವರ ಪಕ್ಕದಿಂದ ನಡೆದುಬಿಟ್ಟೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಾಗ ನೆಲ ಒರೆಸುತ್ತಿದ್ದ ಮುದುಕಿ ಒರೆಸುವ ಕೋಲನ್ನೇ ಎತ್ತಿ ದಾರಿ ತೋರಿಸಿದಳು.

ಒಂದು ಗಂಟೆಗೆ ನಿನ್ನನ್ನು ತಂದು ಮಲಗಿಸಿದರು. ಮುಖ ಮೇಣದಂತಿತ್ತು. ಪಕ್ಕದಲ್ಲಿ ಕೂತು ಉಸಿರು ಎಣಿಸಿದೆ. ಎಣಿಸುವುದೊಂದು ನನಗೆ ಬರುತ್ತದಲ್ಲ. ನಿಮಿಷಕ್ಕೆ ಮೂವತ್ತೆರಡು ಇದ್ದದ್ದು ಮೂರೂವರೆಗೆ ಇಪ್ಪತ್ತಾರಕ್ಕೆ ಇಳಿಯಿತು. ಯಾರೂ ನನ್ನನ್ನು ಎಬ್ಬಿಸಲು ಬರಲಿಲ್ಲ. ನಾಲ್ಕು ಗಂಟೆಗೆ ಮೇಟ್ರನ್ ಬಂದರು, ಒಬ್ಬರೇ. ಸಾಸರು ಸಮೇತ ಒಂದು ಕಪ್ ಚಹಾ ಇಟ್ಟು, ನಿನ್ನ ನಾಡಿ ಹಿಡಿದು ನೋಡಿ ಹೋದರು. ಐದು ಗಂಟೆ ಹೊಡೆಯಿತು. ನಾನು ಅಲ್ಲೇ ಇದ್ದೆ. ನೀನೂ ಇದ್ದೆ.

ಸ್ವಲ್ಪ ಹೊತ್ತಿಗೆ ನೀನು ಕಣ್ಣು ತೆರೆದು ನನ್ನನ್ನು ನೋಡಿ, "ಇವತ್ತು ಶನಿವಾರಾನಾ?" ಎಂದೆ. "ಅಲ್ಲ, ಮಲಗು," ಎಂದೆ. ನಿನಗೆ ಇದು ನೆನಪಿರಲಾರದು.

ಮುಂದಿನ ಮಂಗಳವಾರವೂ ಬರುತ್ತೇನೆ.

ಅಪ್ಪ


ಕ್ಲಿಫ್‌ಥಾರ್ನ್
9 ಮಾರ್ಚ್ 1952

ಅಪ್ಪ,

ನನ್ನನ್ನು ಮನೆಗೆ ಕಳಿಸುವ ತಾರೀಖು ಗೊತ್ತಾಯಿತು. ಇಪ್ಪತ್ತು, ಗುರುವಾರ.

ಡಾಕ್ಟರು ಅರ್ಧ ಗಂಟೆ ಉಪದೇಶ ಮಾಡಿದರು. ಮೆಟ್ಟಿಲು ಹತ್ತಬಾರದು, ಜೌಗಿನ ಕಡೆ ಸುಳಿಯಬಾರದು, ಧೂಳಿನ ಶೆಡ್ಡುಗಳಿಗೆ ಹೋಗಲೇಬಾರದು, ದೊಡ್ಡ ಪರೀಕ್ಷೆಗಳ ಆಸೆ ಬಿಡಬೇಕು. ಕೂತು ಮಾಡುವ ಯಾವುದಾದರೂ ಸಣ್ಣ ಕೆಲಸ, ಹೊಲಿಗೆ ಅಥವಾ ಗ್ರಂಥಾಲಯ. ಎಲ್ಲವನ್ನೂ ಕೇಳಿದೆ. ವಂದಿಸಿದೆ. ಅವರು ನನ್ನನ್ನು ಉಳಿಸಿದ್ದಾರೆ, ಅದು ಸುಳ್ಳಲ್ಲ. ಆದರೆ ಮೂಲೆಯಲ್ಲಿ ಕೂರಿಸಿಡಲು ಉಳಿಸಿದ್ದಾರೆ ಎಂದು ನಾನು ಒಪ್ಪುವುದಿಲ್ಲ.

ಮುಖ್ಯೋಪಾಧ್ಯಾಯಿನಿಯೂ ಬರೆದಿದ್ದಾರೆ. ನನ್ನಂಥ "ನಾಜೂಕಿನ" ಹುಡುಗಿಗೆ ಮೇಲಿನ ತರಗತಿ ಭಾರವಾಗುತ್ತದಂತೆ, ಅಲ್ಲದೆ ತರಗತಿಯಲ್ಲಿ ಒಂದು ಕುರ್ಚಿಯೂ ಖಾಲಿ ಇಲ್ಲವಂತೆ. ನಿನ್ನೆ ಉತ್ತರ ಹಾಕಿದೆ. ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೀಗೆ ಬರೆದಿದ್ದೇನೆ:

"ಮಾನ್ಯರೇ, ಸೆಪ್ಟೆಂಬರ್ ತಿಂಗಳ ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ತರಗತಿಯಲ್ಲಿರುತ್ತೇನೆ. ಕುರ್ಚಿಯ ಚಿಂತೆ ನಿಮಗೆ ಬೇಡ. ಒಂದು ವರ್ಷ ಮಲಗಿದ್ದಾಯಿತು. ನಾನು ನಿಂತುಕೊಂಡೇ ಪಾಠ ಕೇಳುತ್ತೇನೆ."

ನಿನ್ನ
ಥೆಲ್ಮಾ